ಜಾತ್ರೆ ಮುಗಿದ ಮೇಲೆ ಕಸ ಯಾರದು?

ಮಾನ್ಯ ಸಂಪಾದಕರೇ,

ಅಮೆರಿಕದ ನೆವಾಡಾದಲ್ಲಿ ಬ್ಲ್ಯಾಕ್ ರಾಕ್ ಅನ್ನೋ ಮರುಭೂಮೀಲಿ ವರ್ಷಾ ವರ್ಷಾ ನಡೆಯೋ ಬರ್ನಿಂಗ್ ಮ್ಯಾನ್ ಉತ್ಸವದ ಬಗ್ಗೆ ನಮ್ಮಲ್ಲಿ ಸುದ್ದಿ ಬಂದ್ರೆ ವಿಚಿತ್ರ ವೇಷ, ಕುಣಿತ, ಕೊನೆಗೆ ಸುಡೋ ದೊಡ್ಡ ಮರದ ಗೊಂಬೆ, ಇಷ್ಟೇ ಬರುತ್ತೆ. 1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬೀಚಲ್ಲಿ ಲ್ಯಾರಿ ಹಾರ್ವೆ ಮತ್ತು ಅವರ ಗೆಳೆಯರು ಶುರು ಮಾಡಿದ್ದು 1990ರಲ್ಲಿ ಮರುಭೂಮಿಗೆ ಹೋಯ್ತು, ಈಗ ಸುಮಾರು 70 ಸಾವಿರ ಜನ ಸೇರ್ತಾರೆ. ಅಲ್ಲಿ ಐಸ್ ಬಿಟ್ರೆ ಹೆಚ್ಚುಕಮ್ಮಿ ಏನೂ ಮಾರೋ ಹಾಗಿಲ್ಲ, ಊಟ ನೀರು ತಾವೇ ಹೊತ್ಕೊಂಡು ಹೋಗಿ ಪಕ್ಕದವರಿಗೂ ಕೊಡಬೇಕು. ಟಿಕೆಟ್ ಮಾತ್ರ ಬಡವರ ಕೈಗೆ ಸಿಗೋದಲ್ಲ, ಅದನ್ನೂ ಹೇಳ್ಬೇಕು.

ನನಗೆ ಮುಖ್ಯ ಅನ್ಸಿದ್ದು ಮುಗಿದ ಮೇಲೆ ಆಗೋ ಕೆಲಸ. ಅಲ್ಲಿ ಕಸದ ತೊಟ್ಟಿನೇ ಇಡಲ್ಲ, ತಂದಿದ್ದನ್ನ ವಾಪಸ್ ತಗೊಂಡೇ ಹೋಗ್ಬೇಕು. ಆಮೇಲೆ ಒಂದು ತಂಡ ಸಾಲಾಗಿ ನಿಂತು ನೆಲ ನೋಡ್ಕೊಂಡು ನಡೀತಾ ಮೊಳೆ, ಸಿಗರೇಟ್ ತುಂಡು, ಮರದ ಚೂರು ಎಲ್ಲಾ ಆರಿಸುತ್ತೆ, ಯಾವ ಕ್ಯಾಂಪ್ ಎಷ್ಟು ಬಿಟ್ಟು ಹೋಗಿದೆ ಅಂತ ಹಸಿರು, ಹಳದಿ, ಕೆಂಪು ಬಣ್ಣ ಹಾಕಿ ಮ್ಯಾಪ್ ಮಾಡಿ ಎಲ್ಲರಿಗೂ ಕಾಣೋ ಹಾಗೆ ಹಾಕ್ತಾರೆ, ಕೆಂಪು ಬಂದ ಕ್ಯಾಂಪಿಗೆ ಮುಂದಿನ ವರ್ಷ ಜಾಗ ಸಿಗೋದು ಕಷ್ಟ. ಕೊನೆಗೆ ಸರ್ಕಾರದವರು ಬಂದು ಚೆಕ್ ಮಾಡ್ತಾರೆ, ಎಕರೆಗೆ ಸರಾಸರಿ 1 ಚದರಡಿ ಜಾಗ ಮುಚ್ಚೋದಕ್ಕಿಂತ ಜಾಸ್ತಿ ಕಸ ಉಳಿದಿರಬಾರದು.

ಈಗ ನಮ್ಮ ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆ ತಗೊಳ್ಳಿ. ರಾಮಕೊಂಡದಲ್ಲಿ ತೀರ್ಥಸ್ನಾನ, ರಥೋತ್ಸವ, ರಾತ್ರಿ ತುಂಗೆ ಮೇಲೆ ತೆಪ್ಪೋತ್ಸವ, ಇದಕ್ಕಿಂತ ಚಂದ ಏನಿದೆ ಹೇಳಿ. ಆದ್ರೆ ಮಾರನೇ ದಿನ ಹೊಳೆ ದಂಡೇಲಿ ಪ್ಲಾಸ್ಟಿಕ್ ಲೋಟ, ಚುರುಮುರಿ ಪೊಟ್ಟಣ, ಸ್ನಾನ ಮಾಡಿ ಬಿಟ್ಟ ಬಟ್ಟೆ. ಎಲ್ಲಾ ಪೌರಕಾರ್ಮಿಕರ ತಲೆ ಮೇಲೆ. ಅವರೇನು ಜಾತ್ರೆ ನೋಡೋಕೆ ಬಂದವರಲ್ವಾ? ಅಲ್ಲಿ ಉಳಿದಿದ್ದು ಮಳೆಗಾಲಕ್ಕೆ ತುಂಗೆ ಜೊತೆ ಗಾಜನೂರು ಡ್ಯಾಮಿನ ಕಡೆ ಹೋಗುತ್ತೆ, ಶಿವಮೊಗ್ಗದವರು ಕುಡಿಯೋದೂ ಇದೇ ಹೊಳೆ ನೀರು.

ದೀಪಾವಳೀಲಿ ಅಂಟಿಗೆ ಪಂಟಿಗೆಯವರು ರಾತ್ರಿಯೆಲ್ಲಾ ದೀಪ ಹಿಡ್ಕೊಂಡು ಮನೆ ಮನೆಗೆ ಹಾಡ್ತಾ ಬರೋ ಊರು ನಮ್ಮದು, ಒಟ್ಟಾಗಿ ಕೆಲಸ ಮಾಡೋದನ್ನ ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಅಂಗಡಿ ಹಾಕೋರಿಂದ ಮೊದಲೇ ಡಿಪಾಸಿಟ್ ತಗೊಂಡು, ಜಾಗ ಕ್ಲೀನಾಗಿ ಬಿಟ್ಟವರಿಗೆ ವಾಪಸ್ ಕೊಡಿ, ಯಾರ ಜಾಗ ಹೇಗಿತ್ತು ಅಂತ ದೇವಸ್ಥಾನದ ಹತ್ರ ಬೋರ್ಡ್ ಹಾಕಿ, ಮುಂದಿನ ಸಲ ಒಳ್ಳೇ ಜಾಗ ಅವರಿಗೇ ಮೊದಲು ಸಿಗಲಿ. ತೆಪ್ಪೋತ್ಸವದ ಮಾರನೇ ಬೆಳಿಗ್ಗೆ ಸಾಲಾಗಿ ನಡೆದು ಆರಿಸೋಕೆ ಕಾಲೇಜು ಹುಡುಗ್ರು, ಸಂಘದ ಹೆಂಗಸರು, ನಾವೆಲ್ಲಾ ಬರ್ತೀವಿ. ಜಾತ್ರೆ ಸಮಿತಿಯವರು ಈ ಸಲ ಆಮಂತ್ರಣ ಪತ್ರಿಕೇಲಿ ತೆಪ್ಪೋತ್ಸವದ ಕೆಳಗೆ ಈ ಕಸ ಆರಿಸೋ ಟೈಮನ್ನೂ ಒಂದು ಸಾಲು ಪ್ರಿಂಟ್ ಮಾಡಿಸಲಿ ಅಂತ ಕೇಳ್ಕೊಳ್ತೀನಿ.

ಇಂತಿ,
ನಿಮ್ಮ ಓದುಗ, ತೀರ್ಥಹಳ್ಳಿ