ಹಲಗೆ ಕಂಡಿದ್ದು ಹಿಂದಿನ ದಿನ!

ಸಂಪಾದಕರಿಗೆ ನಮಸ್ಕಾರ.

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಮೂವತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುತ್ತಿದ್ದೇನೆ. ಹೋದ ಚಳಿಗಾಲದಲ್ಲಿ ತಂಗಿಯ ಮಗಳ ಜೊತೆ ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣಕ್ಕೆ ಹೋಗಿದ್ದೆ. ಅವಳಿಗೆ ಅಲ್ಲಿ ಟ್ರ್ಯಾಕ್ ಸೈಕ್ಲಿಂಗ್ ಸ್ಪರ್ಧೆ ಇತ್ತು. ಸೊಲ್ಲಾಪುರದವರೆಗೆ ಬಸ್ಸು, ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್. ಚಕ್ರ ಬಿಚ್ಚಿ ಚಾದರದಲ್ಲಿ ಸುತ್ತಿದ ಸೈಕಲ್ ಸೀಟಿನ ಕೆಳಗೆ. ರಾತ್ರಿಯೆಲ್ಲ ಎದ್ದೆದ್ದು ಮುಟ್ಟಿ ನೋಡುತ್ತಿದ್ದೆ.

ಅಲ್ಲಿನ ವೆಲೊಡ್ರೋಮ್, ಅಂದರೆ ಸೈಕಲ್ ರೇಸಿಗೆಂದೇ ಇರುವ ಟ್ರ್ಯಾಕ್, 2010ರ ಕಾಮನ್‌ವೆಲ್ತ್ ಕೂಟಕ್ಕೆ ಕಟ್ಟಿದ್ದು. ಒಂದು ಸುತ್ತು 250 ಮೀಟರ್, ಪೂರ್ತಿ ಮರದ ಹಲಗೆ. ತಿರುವಿನಲ್ಲಿ ಗೋಡೆ ಥರ ಎದ್ದು ನಿಂತಿದೆ. ಸಿದ್ಧೇಶ್ವರ ಜಾತ್ರೆಯಲ್ಲಿ ಬಾವಿಯ ಗೋಡೆ ಮೇಲೆ ಬೈಕ್ ಓಡಿಸುವ ಮೌತ್ ಕಾ ಕುಂವಾ ನೋಡಿದವರಿಗೆ ಅಂದಾಜು ಸಿಕ್ಕೀತು. ಯಾರೂ ನೋಡದಾಗ ಬಗ್ಗಿ ಕೈಯಾಡಿಸಿದೆ. ಉಗುರು ತೂರಲೂ ಸಂದು ಸಿಗಲಿಲ್ಲ.

ಟ್ರ್ಯಾಕ್ ಸೈಕಲ್ಲಿಗೆ ಬ್ರೇಕಿಲ್ಲ, ಫ್ರೀವೀಲೂ ಇಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ತಿರುವಿನಲ್ಲಿ ಹೆದರಿ ವೇಗ ಬಿಟ್ಟರೆ ಜಾರಿ ಕೆಳಗೆ! ನಮ್ಮ ಹುಡುಗಿ ಬೆಳಗಿನ ಐದಕ್ಕೆ ಎದ್ದು ಲಾರಿಗಳ ಪಕ್ಕ ರೋಡ್ ಸೈಕಲ್ ತುಳಿದು ಬೆಳೆದವಳು. ಎದುರು ಗಾಳಿಗೂ ಜಗ್ಗುವವಳಲ್ಲ. ಆದರೆ ಆ ಹಲಗೆ ಕಂಡಿದ್ದು ಸ್ಪರ್ಧೆಯ ಹಿಂದಿನ ದಿನ, ಸಿಕ್ಕಿದ್ದು ಅರ್ಧ ಗಂಟೆ. ಮೊದಲ ಹತ್ತು ನಿಮಿಷ ಕೆಳಗಿನ ನೀಲಿ ಪಟ್ಟಿ ಬಿಟ್ಟು ಮೇಲೇರಲೇ ಇಲ್ಲ. ‘ಮಾಮಾ, ಗ್ವಾಡಿ ಮ್ಯಾಲ ಹೊಡದಂಗ ಆಗತೈತಿ’ ಅಂದಳು. ಮರುದಿನ ಮೊದಲ ಹಂತದಲ್ಲೇ ಸ್ಪರ್ಧೆಯಿಂದ ಹೊರಗೆ.

ಅಂಡಮಾನಿನ ಈಸೊ ಆಲ್ಬನ್ ಇದೇ ಹಲಗೆ ಮೇಲೆ ಅಭ್ಯಾಸ ಮಾಡಿದ ಹುಡುಗ. 2018ರ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೀರಿನ್ ಸ್ಪರ್ಧೆಯ (ಮೊದಲು ಮೋಟಾರು ಗಾಡಿಯ ಹಿಂದೆ ತುಳಿದು, ಕೊನೆಗೆ ಜೋರಾಗಿ ನುಗ್ಗುವ ರೇಸ್) ಬೆಳ್ಳಿ ತಂದ. ದಿನಾ ತುಳಿಯುವುದಕ್ಕೂ ಅರ್ಧ ಗಂಟೆ ತುಳಿಯುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ನನ್ನ ಕೋರಿಕೆ ಸಣ್ಣದು. ವಿಜಯಪುರ, ಬಾಗಲಕೋಟೆಯ ಮಕ್ಕಳನ್ನು ದೆಹಲಿಗೆ ಕಳಿಸುವುದಾದರೆ ಹದಿನೈದು ದಿನ ಮೊದಲೇ ಕಳಿಸಿ. ರೈಲಿನ ಟಿಕೆಟ್ ಹೇಗೂ ತೆಗೆಯಲೇಬೇಕು. ಜಾಸ್ತಿ ಆಗುವುದು ಊಟ, ವಸತಿ ಮತ್ತು ಟ್ರ್ಯಾಕ್ ಕೇಳಿ ಬರೆಯುವ ಒಂದು ಪತ್ರ.

ಜೊತೆಗೊಬ್ಬ ಮೆಕ್ಯಾನಿಕ್ ಇರಲಿ. ನಮ್ಮ ತಂಡಕ್ಕೆ ಇರಲಿಲ್ಲ. ಸುಮ್ನೆ ನೋಡಲು ಹೋದ ನಾನೇ ಎಲ್ಲ ಹುಡುಗರ ಚೈನ್ ಬಿಗಿ ಮಾಡಿದೆ. ಟ್ಯೂಬುಲರ್ ಟೈರನ್ನು ರಿಮ್ಮಿಗೆ ಅಂಟಿಸಲು ಗಮ್ ಸಾಲಲಿಲ್ಲ, ಪಂಜಾಬಿನವರ ಹತ್ತಿರ ಕೇಳಿ ತಂದೆ. ಪಾಪ, ಕೊಟ್ಟಿದ್ದಲ್ಲದೆ ಚಹಾನೂ ಕುಡಿಸಿದರು. ಯಾರೂ ಸಿಗದಿದ್ದರೆ ಮುಂದಿನ ಸಲ ನಾನೇ ಬರುತ್ತೇನೆ. ಸಂಬಳ ಬೇಡ, ಟಿಕೆಟ್ ಕೊಡಿ ಸಾಕು.

– ಒಬ್ಬ ಸೈಕಲ್ ಮೆಕ್ಯಾನಿಕ್, ವಿಜಯಪುರ