ಕಲ್ಲು ಸುರಿಯುವ ಮೊದಲು ಮರಳು ಅಳೆಯಿರಿ

ಮಾನ್ಯ ಸಂಪಾದಕರೇ,

ಕಡಲ್ಕೊರೆತದ ಸುದ್ದಿ ಬಂದಾಗಲೆಲ್ಲ ಬೆನ್ನಿಗೇ ಬರುವ ಬೇಡಿಕೆ ಒಂದೇ: ಕಲ್ಲಿನ ತಡೆಗೋಡೆ ಕಟ್ಟಿಸಿ. ಮನೆ, ರಸ್ತೆಗಳ ಬುಡಕ್ಕೇ ನೀರು ಬಂದಿರುವಾಗ ಹಾಗೆ ಕೇಳುವುದು ಸಹಜ. ಆದರೆ ಗೋಡೆಯ ಮುಂದಿನ ಮರಳಿನ ಮಟ್ಟ ಈಗ ಎಷ್ಟಿದೆ, ಮುಂದೆ ಎಷ್ಟು ಇಳಿದೀತು ಎಂದು ಅಳೆಯದೆ ಅಂದಾಜುಪಟ್ಟಿ ತಯಾರಿಸಿದರೆ ಗೋಡೆ ಬಾಳಿಕೆ ಬರುವುದಿಲ್ಲ.

ತೀರದ ಹತ್ತಿರ ಅಲೆ ಎಷ್ಟು ಎತ್ತರಕ್ಕೆ ಏಳಬಲ್ಲದು ಎಂಬುದು ಅಲ್ಲಿನ ನೀರಿನ ಆಳಕ್ಕೆ ಬಿಟ್ಟದ್ದು. ಅಲೆಯ ಎತ್ತರ ಆಳದ ಸುಮಾರು 0.78 ಪಾಲನ್ನು ಮೀರಿದರೆ ಅದು ಅಲ್ಲೇ ಮುರಿದು ಬೀಳುತ್ತದೆ. ಗೋಡೆಯ ಮುಂದೆ ಮರಳು 1 ಮೀಟರ್ ಕೊಚ್ಚಿಹೋಯಿತೆಂದರೆ, ಮೊದಲಿಗಿಂತ ಮುಕ್ಕಾಲು ಮೀಟರ್ ಹೆಚ್ಚು ಎತ್ತರದ ಅಲೆ ಮುರಿಯದೆ ಗೋಡೆಯವರೆಗೂ ಬರುತ್ತದೆ. ಬಂಡೆಯ ತೂಕ ನಿರ್ಧರಿಸಲು ಬಳಸುವ ಹಡ್ಸನ್ ಸೂತ್ರದಲ್ಲಿ ತೂಕ ಏರುವುದು ಅಲೆಯ ಎತ್ತರದ ಘನಕ್ಕೆ ತಕ್ಕಂತೆ. 1:2 ಇಳಿಜಾರಿನಲ್ಲಿ (1 ಮೀಟರ್ ಏರಿಕೆಗೆ 2 ಮೀಟರ್ ಅಡ್ಡ ಅಂತರ) ಎರಡು ಪದರವಾಗಿ ಕೂರಿಸಿದ ಒರಟು ಗ್ರಾನೈಟ್ ಲೆಕ್ಕ ಹಿಡಿಯಿರಿ: 2 ಮೀಟರ್ ಅಲೆಗೆ ಒಂದೊಂದು ಬಂಡೆ ಸುಮಾರು 1.3 ಟನ್ ಇರಬೇಕು, 3 ಮೀಟರ್ ಅಲೆಗೆ ಸುಮಾರು 4.5 ಟನ್. ಕಟ್ಟುವ ದಿನ ಸಾಕಷ್ಟು ಭಾರವಿದ್ದ ಬಂಡೆ ಮರಳು ಇಳಿದ ವರ್ಷ ಸಾಲದಾಗುವುದು ಹೀಗೆ.

ಮರಳು ಇಳಿಯಲು ಗೋಡೆಯೂ ಕಾರಣ. ಇಳಿಜಾರು ತೀರದಲ್ಲಿ ಅಲೆ ಮೇಲೇರುತ್ತ ದಣಿಯುತ್ತದೆ. ಗೋಡೆಗೆ ಬಡಿದ ಅಲೆ ಹಿಂದಕ್ಕೆ ಚಿಮ್ಮಿ ಬುಡದ ಮರಳನ್ನು ಕೆದಕುತ್ತದೆ. ನೆಟ್ಟಗಿನ ಕಾಂಕ್ರೀಟ್ ಗೋಡೆಯಲ್ಲಿ ಇದು ಅತಿ ಹೆಚ್ಚು, ಅಲ್ಲಿ ಅಲೆಯ ಎತ್ತರದಷ್ಟೇ ಆಳದ ಕೊರಕಲು ಬೀಳಬಹುದು ಎಂದೇ ಲೆಕ್ಕ ಹಾಕಬೇಕು. ಗೋಡೆಯ ಪಾದವನ್ನು ಆ ಆಳಕ್ಕೆ ಇಳಿಸಬೇಕು. ಅಷ್ಟು ಅಗೆಯಲಾಗದಿದ್ದರೆ ಮುಂದೆ ಕಲ್ಲಿನ ಹಾಸು ಹಾಸಬೇಕು, ಕೊರಕಲು ಬಿದ್ದಾಗ ಆ ಕಲ್ಲುಗಳೇ ಜಾರಿ ಅದನ್ನು ಮುಚ್ಚುತ್ತವೆ.

ಇನ್ನೊಂದು ಲೋಪ ಕಣ್ಣಿಗೆ ಬೀಳದ್ದು. ದೊಡ್ಡ ಬಂಡೆಗಳನ್ನು ನೇರ ಮರಳಿನ ಮೇಲೆ ಸುರಿದರೆ, ಹಿಂದೆ ಸರಿಯುವ ಪ್ರತಿ ಅಲೆಯೂ ಸಂದುಗಳಿಂದ ಒಂದಿಷ್ಟು ಮರಳನ್ನು ಎಳೆದುಕೊಂಡು ಹೋಗುತ್ತದೆ. ಗೋಡೆ ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ. ಮೊದಲು ಗುರುತು ಸಿಗುವುದು ಹಿಂಬದಿಯಲ್ಲಿ: ನೆಲದಲ್ಲಿ ಬೋಗುಣಿಯಂಥ ತಗ್ಗುಗಳು, ರಸ್ತೆಯ ಅಂಚಿನಲ್ಲಿ ಗೋಡೆಗೆ ಸಮಾನಾಂತರವಾದ ಬಿರುಕು. ಆಮೇಲೆ ಮೇಲಿನ ಸಾಲು ಕುಸಿಯುತ್ತದೆ. ಹೀಗಾಗದಿರಲು ಮರಳಿನ ಮೇಲೆ ಜಿಯೋಟೆಕ್ಸ್‌ಟೈಲ್ (ನೀರನ್ನು ಬಿಟ್ಟು ಮರಳನ್ನು ತಡೆಯುವ ಬಟ್ಟೆ), ಅದು ಹರಿಯದಂತೆ ಸಣ್ಣ ಕಲ್ಲು, ಅದರ ಮೇಲೆ ಹೊರಬಂಡೆಯ ಹತ್ತರಿಂದ ಹದಿನೈದನೇ ಒಂದು ಪಾಲು ತೂಕದ ಕಲ್ಲು, ಕೊನೆಗೆ ಹೊರಬಂಡೆ ಬರಬೇಕು. ಗೋಡೆಯ ಎರಡೂ ತುದಿಗಳನ್ನು ನೆಲದ ಕಡೆಗೆ ತಿರುಗಿಸಿ ಹುಗಿಯಬೇಕು, ಇಲ್ಲವಾದರೆ ನೀರು ಪಕ್ಕದಿಂದ ಒಳನುಗ್ಗಿ ಬೆನ್ನನ್ನೇ ಕೊರೆಯುತ್ತದೆ.

ಅಳತೆ ದುಬಾರಿಯೇನಲ್ಲ. ದಡದ ಮೇಲೆ ಅಲುಗದ ಗುರುತುಕಲ್ಲುಗಳನ್ನು ನೆಟ್ಟು, ಸುಮಾರು 100 ಮೀಟರಿಗೊಂದರಂತೆ ಮರಳು ದಿಬ್ಬದಿಂದ ಕಡಲೊಳಗಿನವರೆಗೆ ಅಡ್ಡಸೀಳಿಕೆ, ಅಂದರೆ ಮರಳಿನ ಮಟ್ಟದ ಏರಿಳಿತ ತೋರುವ ನಕ್ಷೆ, ತೆಗೆಯಬೇಕು. ನೀರಿನಂಚಿಗೇ ನಿಲ್ಲಿಸಿದರೆ ಪ್ರಯೋಜನವಿಲ್ಲ. ಅಲೆಗಳು ಮರಳನ್ನು ಗಣನೀಯವಾಗಿ ಕದಲಿಸದ ಆಳದವರೆಗೂ ಹೋಗಬೇಕು. ವರ್ಷಕ್ಕೆ ಎರಡು ಸಲ ಅಳೆಯಬೇಕು, ಅಬ್ಬರದ ಕಾಲ ಮುಗಿದಾಗ ಒಮ್ಮೆ, ಶಾಂತ ಕಾಲದ ಕೊನೆಗೆ ಒಮ್ಮೆ. ಬಿರುಸಿನ ಅಲೆ ಎಳೆದೊಯ್ದ ಮರಳು ಬಹುಪಾಲು ತುಸು ದೂರದಲ್ಲೇ ನೀರಡಿಯ ದಿಬ್ಬವಾಗಿ ನಿಂತಿರುತ್ತದೆ, ಶಾಂತ ಕಾಲದ ಅಲೆ ಅದನ್ನು ವಾಪಸು ತರುತ್ತದೆ. ಒಂದು ಋತುವಿನ ನಷ್ಟವನ್ನು ಶಾಶ್ವತ ಕೊರೆತವೆಂದು ಬಗೆದು ಕಲ್ಲು ಸುರಿದರೆ, ಬರಬೇಕಿದ್ದ ಮರಳಿನ ಜಾಗವನ್ನು ಗೋಡೆಯೇ ಆಕ್ರಮಿಸಿರುತ್ತದೆ.

ವರ್ಷದಿಂದ ವರ್ಷಕ್ಕೆ ಅದೇ ಋತುವಿನ ಅಳತೆಯಲ್ಲೂ ಮರಳು ಕಡಿಮೆಯಾಗುತ್ತಿದ್ದರೆ, ದಡದುದ್ದಕ್ಕೂ ಸಾಗುವ ಮರಳು ಎಲ್ಲೋ ತಡೆದು ನಿಂತಿದೆಯೇ ಎಂದು ಹುಡುಕಬೇಕು. ಅಳಿವೆಯ ಬ್ರೇಕ್‌ವಾಟರ್‌ನ (ಕಡಲೊಳಗೆ ಚಾಚಿದ ಅಲೆತಡೆ ಗೋಡೆ) ಒಂದು ಮಗ್ಗುಲಲ್ಲಿ ಮರಳು ರಾಶಿಬಿದ್ದು ಇನ್ನೊಂದು ಮಗ್ಗುಲು ಬರಿದಾಗಿದ್ದರೆ ಕಾರಣ ಅಲ್ಲೇ ಇದೆ. ಆಸ್ಟ್ರೇಲಿಯಾದ ಟ್ವೀಡ್ ನದಿಯ ಅಳಿವೆಯಲ್ಲಿ ಹೀಗೇ ಆಗಿತ್ತು. 1960ರ ದಶಕದಲ್ಲಿ ಅಲ್ಲಿನ ಗೋಡೆಗಳನ್ನು ಉದ್ದ ಮಾಡಿದ ಮೇಲೆ ಪಕ್ಕದ ಗೋಲ್ಡ್ ಕೋಸ್ಟ್ ನಗರದ ದಕ್ಷಿಣ ಭಾಗದ ಕಡಲತೀರಗಳು ಸವೆದವು. 2001ರಿಂದ ಪಂಪುಗಳು ನದಿಯಡಿಯ ಕೊಳವೆಯಲ್ಲಿ ಮರಳನ್ನು ಆಚೆ ದಾಟಿಸುತ್ತಿವೆ.

ಅಷ್ಟು ದೊಡ್ಡ ಏರ್ಪಾಡು ಎಲ್ಲೆಡೆ ಆಗದಿರಬಹುದು. ಆದರೆ ಬಂದರಿನ ಕಾಲುವೆಯಲ್ಲಿ ಹೂಳೆತ್ತಿದ ಶುದ್ಧ ಮರಳನ್ನು ಆಳಕಡಲಿಗೆ ಸುರಿಯುವುದನ್ನು ಇಂದೇ ನಿಲ್ಲಿಸಬಹುದು. ಅಲ್ಲಿಗೆ ಹೋದದ್ದು ತೀರಕ್ಕೆ ಮರಳದು. ಮೊದಲು ಜರಡಿ ಹಿಡಿದು ಪರೀಕ್ಷಿಸಬೇಕು: ಕಣ ತೀರದ ಮರಳಿನಷ್ಟೇ ಅಥವಾ ತುಸು ದಪ್ಪವಿದ್ದರೆ ಬರಿದಾದ ಮಗ್ಗುಲಿಗೆ ಹಾಕಿ, ಕೆಸರಿದ್ದರೆ ಬೇಡ. ಹಾಕಿದ ಮೊದಲ ವರ್ಷ ದಡದ ಅಗಲ ಕುಗ್ಗುತ್ತದೆ. ಹಣ ಕಡಲಿಗೆ ಸುರಿದರೆಂಬ ಕೂಗು ಏಳುವುದು ಆಗಲೇ. ಹಾಗೆ ಸರಿದ ಮರಳು ಹೆಚ್ಚಾಗಿ ನೀರಡಿಯ ಇಳಿಜಾರಿನಲ್ಲಿ ಹರಡಿಕೊಂಡು ಅಲೆಯನ್ನು ದೂರದಲ್ಲೇ ಮುರಿಯುತ್ತಿರುತ್ತದೆ. ಕೆಲವು ವರ್ಷಕ್ಕೊಮ್ಮೆ ಮತ್ತೆ ತುಂಬಬೇಕಾಗುತ್ತದೆ, ಆ ವೆಚ್ಚವನ್ನು ಮೊದಲ ಅಂದಾಜುಪಟ್ಟಿಯಲ್ಲೇ ಸೇರಿಸಬೇಕು.

– ಕರಾವಳಿ ಎಂಜಿನಿಯರ್