ಲೂರ್ ರೇಟ್ ಯಾಕೆ ಏರಿತು, ಹುಕ್ ಯಾಕೆ ಬದಲಾಯಿತು: ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ಗಾಳದ ಗೆಳೆಯರೇ,

ವಿಷಯ ಮೊದಲೇ ಹೇಳಿಬಿಡುತ್ತೇನೆ, ಬೈಯುವವರು ಆಮೇಲೆ ಬೈಯಬಹುದು. ಫೆಬ್ರವರಿ 1ರಿಂದ ನಮ್ಮ ಅಂಗಡಿಯಲ್ಲಿ 120 ರೂಪಾಯಿಯ ಪ್ಯಾಕೆಟ್ ಲೂರ್ (ಮೀನಿಗೆ ಎಸೆಯುವ ನಕಲಿ ಇರೆ) ಇಲ್ಲ. ಮಿನ್ನೋ, ಪಾಪ್ಪರ್, ವೈಬ್ ಅಂತ ಗಟ್ಟಿ ಲೂರ್ ಏನೇ ತೆಗೆದುಕೊಂಡರೂ ಮೂರು ಮುಳ್ಳಿನ ಟ್ರೆಬಲ್ ತೆಗೆದು, ಸಿಂಗಲ್ ಹುಕ್ ಹಾಕಿಯೇ ಕೊಡುತ್ತೇವೆ. ಇದರಿಂದ ಒಂದೊಂದಕ್ಕೆ 60ರಿಂದ 90 ರೂಪಾಯಿ ಜಾಸ್ತಿ ಆಗಿದೆ. ರಾಡ್, ರೀಲ್, ದಾರದ ರೇಟ್ ಹಾಗೇ ಇದೆ.

ಕುಂದಾಪುರದಿಂದ, ಕಾಸರಗೋಡಿನಿಂದ ಬೈಕ್‌ನಲ್ಲಿ ಬಂದು ಹಳೇ ಪ್ಯಾಕೆಟ್ ಕೇಳಿ, ಇಲ್ಲ ಅಂದಾಗ ಮುಖ ಸಣ್ಣ ಮಾಡಿಕೊಂಡು ಹೋದವರಿಗೆ ನಿಜವಾಗಿಯೂ ಬೇಸರ ಆಗಿದೆ. ಕ್ಷಮಿಸಿ. ಆದರೆ ಆ ಪ್ಯಾಕೆಟ್ ಮತ್ತೆ ಬರುವುದಿಲ್ಲ. ಅದನ್ನೂ ಈಗಲೇ ಹೇಳುತ್ತೇನೆ.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ಕೌಂಟರ್‌ನಲ್ಲಿ, ಫೋನಿನಲ್ಲಿ, ಮೊನ್ನೆ ಒಂದು ಮದುವೆ ಊಟದ ಪಂಕ್ತಿಯಲ್ಲಿ ಕೂಡ ಕೇಳಿದರು: "ಜಿಎಸ್‌ಟಿ ಇಳಿದಿದೆ ಅಲ್ವಾ, ನಿಮ್ಮದು ಮಾತ್ರ ಯಾಕೆ ಏರಿದೆ?"

ಇಳಿದದ್ದು ನಿಜ. 2025ರ ಸೆಪ್ಟೆಂಬರ್ 22ರಿಂದ ರಾಡ್, ಲೂರ್, ಕೈಬಲೆ ಎಲ್ಲದಕ್ಕೂ ಶೇಕಡಾ 12 ಇದ್ದದ್ದು 5 ಆಯಿತು. ಬರೀ ಹುಕ್‌ಗೆ ಅದಕ್ಕೂ ಮೊದಲೇ 5 ಇತ್ತು, ಅದರಲ್ಲಿ ಬದಲಾವಣೆ ಇಲ್ಲ. ಆವತ್ತಿನಿಂದಲೇ ನಾವು 5 ಹಾಕಿ ಬಿಲ್ ಕೊಟ್ಟಿದ್ದೇವೆ, ಬಿಲ್ ಮನೆಯಲ್ಲಿದ್ದರೆ ತೆಗೆದು ನೋಡಿ. ಮಳೆಗಾಲದ ಮುಂಚೆ 12 ಕಟ್ಟಿ ತಂದ ಸ್ಟಾಕನ್ನು 5ಕ್ಕೆ ಮಾರಿದ್ದೇವೆ. ಆ ವ್ಯತ್ಯಾಸ ಲೆಕ್ಕದ ಪುಸ್ತಕದಲ್ಲಿ ತೆರಿಗೆ ಕ್ರೆಡಿಟ್ ಅಂತ ಕೂತಿದೆ, ಅಂಗಡಿ ಬಾಡಿಗೆ ಅಂತ ಅದನ್ನು ಕೊಟ್ಟರೆ ಯಾರೂ ತೆಗೆದುಕೊಳ್ಳುವುದಿಲ್ಲ.

ಒಂದು ಲೂರ್ ಹಿಡಿದು ಲೆಕ್ಕ ಮಾಡೋಣ. ತೆರಿಗೆಗೆ ಮೊದಲು 400 ರೂಪಾಯಿ ಇದ್ದ 90 ಮಿಲಿಮೀಟರ್ ಮಿನ್ನೋ. ಹಳೇ ತೆರಿಗೆಯಲ್ಲಿ 448, ಹೊಸದರಲ್ಲಿ 420. ಉಳಿದದ್ದು 28. ಒಪ್ಪಿದೆ. ಆದರೆ ಈ ಮಾಲು ಮಂಗಳೂರಿನಲ್ಲಿ ತಯಾರಾಗುವುದಲ್ಲ, ಹೊರದೇಶದಿಂದ ಬರುವುದು. 2018ರ ಬಜೆಟ್‌ನಲ್ಲಿ ಮೀನುಗಾಳದ ಸಾಮಾನಿನ ಆಮದು ಸುಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದರು, ಆಗ ಯಾರೂ ನಮ್ಮನ್ನು ಮದುವೆ ಮನೆಯಲ್ಲಿ ಹಿಡಿದು ಮಾತಾಡಿಸಲಿಲ್ಲ. ಅದೇ ವರ್ಷದ ಶುರುವಿನಲ್ಲಿ ಡಾಲರ್ 64 ರೂಪಾಯಿ ಆಸುಪಾಸು ಇತ್ತು, 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಹೊಸ ಸ್ಟಾಕ್ ತರಿಸಿದಾಗ ಹೋಲ್‌ಸೇಲ್‌ನವರು ಅದೇ ಲೂರ್‌ಗೆ 25 ರೂಪಾಯಿ ಏರಿಸಿದರು. ಅಂದರೆ 425, ಅದರ ಮೇಲೆ ಶೇಕಡಾ 5 ತೆರಿಗೆ ಹಾಕಿದರೆ 446. ಸರಕಾರ ಬಿಟ್ಟ 28ರಲ್ಲಿ ಉಳಿದದ್ದು 2 ರೂಪಾಯಿ, ಒಂದು ಚಾಕಲೇಟ್ ಬರುತ್ತದೋ ಇಲ್ಲವೋ. ಅದರ ಮೇಲೆ ಉಪ್ಪುನೀರಿಗೆ ತಡೆಯುವ ಸಿಂಗಲ್ ಹುಕ್ ಎರಡು, ಒಂದಕ್ಕೆ 35ರಂತೆ 70. ಹುಕ್ ಸಿಕ್ಕಿಸುವ ಗಟ್ಟಿ ಉಂಗುರ, ಅಂದರೆ ಸ್ಪ್ಲಿಟ್ ರಿಂಗ್, ಎರಡಕ್ಕೆ 10. ಒಟ್ಟು 526 ಆಗುತ್ತದೆ. ನಾವು ಬೋರ್ಡಿನಲ್ಲಿ ಬರೆದದ್ದು 520. ಹುಕ್ ಬದಲಿಸುವ ಕೆಲಸಕ್ಕೆ ಒಂದು ಪೈಸೆ ಹಾಕಿಲ್ಲ.

ಆನ್‌ಲೈನ್‌ನಲ್ಲಿ ಅದೇ ಲೂರ್ 199ಕ್ಕೆ ಉಂಟು ಅಂತ ಮೊಬೈಲ್ ತೋರಿಸುತ್ತೀರಿ. ನನಗೂ ಕಾಣುತ್ತದೆ ಮಾರಾಯ್ರೆ. ಬಣ್ಣ ಅದೇ, ಪೆಟ್ಟಿಗೆ ಹೆಚ್ಚುಕಡಿಮೆ ಅದೇ. ಒಬ್ಬರು ತರಿಸಿ ತಂದು ಕೌಂಟರ್ ಮೇಲೆ ಇಟ್ಟರು, ಇಬ್ಬರೂ ಸೇರಿ ಬಿಚ್ಚಿ ನೋಡಿದೆವು. ಹಲವು ಒಳ್ಳೆಯ ಲೂರ್‌ಗಳಲ್ಲಿ ಮೂತಿಯಿಂದ ಬಾಲದವರೆಗೆ ಒಳಗೆ ಒಂದೇ ತಂತಿ ಹೋಗಿರುತ್ತದೆ, ಹುಕ್ ನೇತಾಡುವುದು ಆ ತಂತಿಗೆ. ಇದರಲ್ಲಿ ಪ್ಲಾಸ್ಟಿಕ್‌ಗೆ ಸಣ್ಣ ಸ್ಕ್ರೂ ತಿರುಗಿಸಿ ಇಟ್ಟಿದ್ದರು. ಇಕ್ಕಳದಲ್ಲಿ ಎಳೆದರೆ ಬಂತು. ಕೆಂಬೇರಿ ಮೀನು ಎಳೆಯುವುದು ಇಕ್ಕಳಕ್ಕಿಂತ ಮೆತ್ತಗೆ ಅಂತ ನಿಮ್ಮಲ್ಲಿ ಯಾರಾದರೂ ಹೇಳುತ್ತೀರಾ? ಕೂಳೂರು ಸೇತುವೆ ಕಂಬದ ಹತ್ತಿರ ಅದು ಲೂರ್ ಕಚ್ಚಿದ ಕೂಡಲೇ ಮಾಡುವ ಮೊದಲ ಕೆಲಸ ಕಂಬಕ್ಕೆ ತಿರುಗುವುದು, ಚಿಪ್ಪು ಹಿಡಿದ ಆ ಕಂಬಕ್ಕೆ ದಾರ ಒಮ್ಮೆ ಉಜ್ಜಿದರೆ ಕಥೆ ಮುಗಿಯಿತು, ಹಾಗಾಗಿ ಮೊದಲ ನಾಲ್ಕೈದು ಸೆಕೆಂಡು ಕೈಬಿಡದೆ ಹಿಡಿಯಬೇಕು, ಆಗಲೇ ಸ್ಕ್ರೂ ಕಿತ್ತು ಬರುವುದು ಅಥವಾ ತೆಳು ಟ್ರೆಬಲ್ ನೆಟ್ಟಗಾಗುವುದು. ನಮ್ಮ 120ರ ಪ್ಯಾಕೆಟ್ ಕೂಡ ಇದೇ ಜಾತಿ. ಮೀನು ಹೋದದ್ದಕ್ಕೆ ಸಂಜೆ ಬಂದು ನಮಗೇ ಬೈದವರು ಇದ್ದೀರಿ, ಹೆಸರು ಹೇಳುವುದಿಲ್ಲ.

ಟ್ರೆಬಲ್ ಯಾಕೆ ಬಿಟ್ಟಿರಿ, ಅದಾದರೂ ಇರಲಿ ಅಂತ ಹಲವರ ವಾದ. ಇದಕ್ಕೆ ಬರೀ ಮೀನಿನ ಕಾರಣ ಅಲ್ಲ. ಹೊಳೆಯಲ್ಲಿ ಬಲೆ ಇಡುವ ಒಬ್ಬ ಹಿರಿಯರು ಒಂದು ಬೆಳಿಗ್ಗೆ ಬಲೆಯ ಒಂದು ತುಂಡನ್ನೇ ಚೀಲದಲ್ಲಿ ತಂದು ನಮ್ಮ ಮೇಜಿನ ಮೇಲೆ ಹರಡಿದರು. ನಡುವಿನಲ್ಲಿ ಒಂದು ಮಿನ್ನೋ, ಆರು ಮುಳ್ಳೂ ಕಣ್ಣುಗಳಲ್ಲಿ ಸಿಕ್ಕಿ, ಸುತ್ತ ಒಂದು ಮೊಳ ಬಲೆ ಗಂಟಾಗಿತ್ತು. ಕತ್ತರಿಸದೆ ಬಿಡಿಸಲು ಆಗುವಂಥದ್ದಲ್ಲ. "ನಿಮ್ಮ ಅಂಗಡಿಯ ಸ್ಟಿಕರ್ ಉಂಟಲ್ಲ ಇದರಲ್ಲಿ" ಅಂದರು, ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ನನಗೆ ಸುಲಭ ಆಗುತ್ತಿತ್ತು. ಹೊಳೆ ಅವರ ಅನ್ನ, ನಮಗೆ ಭಾನುವಾರದ ಖುಷಿ. ಉದ್ಯಾವರ, ಕೆಮ್ಮಣ್ಣು, ಸಸಿಹಿತ್ಲು ಕಡೆ ದಡದಲ್ಲಿ ನಿಂತು ಲೂರ್ ಎಸೆಯಲು ನಮ್ಮನ್ನು ಬಿಡುತ್ತಿರುವುದೇ ಅವರು. ಸಿಂಗಲ್ ಹುಕ್ ಬಲೆಗೆ ಸಿಕ್ಕುವುದೇ ಇಲ್ಲ ಅಂತಲ್ಲ, ಸಿಕ್ಕಿದರೆ ಒಂದು ಕೈಯಲ್ಲಿ ಬಿಡಿಸಬಹುದು. ಕಾಂಡ್ಲಾ (ಮ್ಯಾಂಗ್ರೋವ್) ಬೇರಿಗೂ ಕಡಿಮೆ ಸಿಕ್ಕುತ್ತದೆ, ಅಂದರೆ ನಿಮ್ಮ 520 ರೂಪಾಯಿ ಬೇರಿನಲ್ಲಿ ಉಳಿಯುವುದೂ ಕಡಿಮೆ.

ಮೀನಿನ ಕಾರಣವೂ ಉಂಟು. ಕುರುಡಿ ಮೀನು ಲೂರನ್ನು ಕಚ್ಚುವುದಕ್ಕಿಂತ ನೀರಿನ ಜೊತೆ ಒಳಗೆ ಎಳೆದುಕೊಳ್ಳುವುದು ಜಾಸ್ತಿ. ಆರು ಮುಳ್ಳು ಒಟ್ಟಿಗೆ ಒಳಗೆ ಹೋದರೆ ಒಂದಾದರೂ ಕಿವಿರಿಗೆ ತಗುಲುತ್ತದೆ. ಕಿವಿರಿನಿಂದ ರಕ್ತ ಬಂದ ಮೀನನ್ನು ಬಿಟ್ಟರೂ ಬದುಕುವುದು ಕಷ್ಟ. ಇನ್ನೊಂದು ವಿಷಯ, ಕುರುಡಿ ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷ ಕಳೆದ ಮೇಲೆ ಹೆಣ್ಣಾಗುವ ಮೀನು. ಫೋಟೋ ತೆಗೆದು ಕಳಿಸುತ್ತೀರಲ್ಲ, ತೀರಾ ದೊಡ್ಡದು, ಅದು ಹೆಚ್ಚಾಗಿ ಹೆಣ್ಣೇ. ಮಳೆ ಶುರುವಾಗುವ ಹೊತ್ತಿಗೆ ಅಳಿವೆ ಬಾಗಿಲಿಗೆ ಮೊಟ್ಟೆ ಇಡಲು ಇಳಿಯುವುದು ಅದೇ. ಕೆಂಬೇರಿಯದ್ದು ಉಲ್ಟಾ ಕಥೆ. ಹೊಳೆಯಲ್ಲಿ ಕಾಂಡ್ಲಾ ನೆರಳಿನಲ್ಲಿ ಇರುವುದು ಮರಿ ಮತ್ತು ಹರೆಯದವು, ದೊಡ್ಡದಾದ ಮೇಲೆ ಕಡಲಿನ ಕಲ್ಲುಗಳ ಕಡೆ ಹೋಗಿ ಅಲ್ಲಿ ಮೊಟ್ಟೆ ಇಡುತ್ತದೆ. ನಾವು ಫಲ್ಗುಣಿಯಲ್ಲಿ ಹಿಡಿಯುವ ಒಂದು ಕಿಲೋದ ಕೆಂಬೇರಿ ಇನ್ನೂ ಒಮ್ಮೆಯೂ ಮೊಟ್ಟೆ ಇಟ್ಟಿರುವುದಿಲ್ಲ. ತಿನ್ನಬೇಡಿ ಅಂತ ನಾನು ಹೇಳುವುದಿಲ್ಲ, ನಾನೂ ಪುಳಿಮುಂಚಿ ಮಾಡಿ ತಿನ್ನುವವನೇ. ಬಿಡಬೇಕು ಅಂತ ನಿಮಗೆ ಅನಿಸಿದ ಮೀನು ಬದುಕುವ ಹಾಗೆ ಬಿಡಲು ಆಗಬೇಕು, ಅಷ್ಟೇ.

ಸಿಂಗಲ್ ಹುಕ್‌ನಲ್ಲಿ ಮೀನು ತಪ್ಪುತ್ತದೆ ಅಂತ ಹೇಳುವವರಿಗೆ ಒಂದು ಮಾತು. ಸಾದಾ ಹುಕ್ ತಂದು ಸಿಕ್ಕಿಸಿದರೆ ತಪ್ಪುತ್ತದೆ. ಅದರ ಕಣ್ಣು ಅಡ್ಡ ಇರುವುದರಿಂದ ಲೂರ್‌ನಲ್ಲಿ ಓರೆಯಾಗಿ ನೇತಾಡುತ್ತದೆ. ನಾವು ಹಾಕುವುದು ಕಣ್ಣು ತಿರುಗಿಸಿದ ಇನ್‌ಲೈನ್ ಹುಕ್. ಮುಂದಿನದರ ಮೊನೆ ಮುಂದಕ್ಕೆ, ಹಿಂದಿನದರ ಮೊನೆ ಮೇಲಕ್ಕೆ. ತೂಕವೂ ನೋಡಬೇಕು. ಟ್ರೆಬಲ್ ತೆಗೆದರೆ ಲೂರ್ ಹಗುರ ಆಗುತ್ತದೆ, ನೀರಿನ ನಡುವೆ ನಿಲ್ಲಬೇಕಾದದ್ದು ಮೇಲೆ ತೇಲುತ್ತದೆ, ಈಜುವಾಗ ಒಂದು ಬದಿಗೆ ವಾಲುತ್ತದೆ. ಹಾಗಾಗಿ ಅಂಗಡಿಯ ಹಿಂದೆ ನೀಲಿ ಡ್ರಮ್‌ನಲ್ಲಿ ಉಪ್ಪುನೀರು ತುಂಬಿಸಿ ಇಟ್ಟಿದ್ದೇವೆ. ನಮ್ಮ ಹುಡುಗ ಪ್ರತಿ ಮಾಡೆಲ್ ಅನ್ನು ಅದರಲ್ಲಿ ಮುಳುಗಿಸಿ, ಹುಕ್ ಸೈಜ್ ಒಂದು ಮೇಲೆ ಒಂದು ಕೆಳಗೆ ಹಾಕಿ ನೋಡಿ, ಸಮ ಆದದ್ದನ್ನು ಪೆಟ್ಟಿಗೆ ಮೇಲೆ ಪೆನ್ನಿನಲ್ಲಿ ಬರೆಯುತ್ತಾನೆ. ನೀವು ಬಂದರೆ ನಿಮ್ಮ ಕಣ್ಣೆದುರೇ ಮಾಡಿ ತೋರಿಸುತ್ತಾನೆ. ಈ ಕೆಲಸ ಊರಲ್ಲಿ ಬೇರೆ ಯಾರೂ ಮಾಡಿ ಕೊಡುವುದಿಲ್ಲ ಅಂತ ಸ್ವಲ್ಪ ಹೆಮ್ಮೆಯೂ ಉಂಟು ನಮಗೆ, ಸುಮ್ನೆ ಯಾಕೆ ಮುಚ್ಚಿಡಬೇಕು.

ತೆಗೆದ ಟ್ರೆಬಲ್‌ಗಳನ್ನು ನಾವು ಬೇರೆ ಮಾರಿಕೊಳ್ಳುತ್ತೇವೆ ಅಂತ ಒಂದು ಸುದ್ದಿ ತಿರುಗುತ್ತಾ ಇದೆಯಂತೆ. ಇಲ್ಲಪ್ಪ. ಅದು ಸಣ್ಣ ಪೊಟ್ಟಣದಲ್ಲಿ ಲೂರ್ ಜೊತೆಗೇ ನಿಮ್ಮ ಕೈಗೆ ಬರುತ್ತದೆ, ಯಾಕೆಂದರೆ ದುಡ್ಡು ಕೊಟ್ಟವರು ನೀವು. ಮನೆಗೆ ಹೋಗಿ ವಾಪಸ್ ಹಾಕಿಕೊಂಡರೆ ನಾನು ಪೊಲೀಸ್ ಅಲ್ಲ. ಮನೆಯಲ್ಲಿರುವ ಹಳೇ ಲೂರ್‌ಗಳನ್ನೂ ತನ್ನಿ, ಬೇರೆ ಅಂಗಡಿಯದ್ದಾದರೂ ಪರವಾಗಿಲ್ಲ. ಹುಕ್‌ನ ದುಡ್ಡು ಮಾತ್ರ ಕೊಡಿ, ಬದಲಿಸಿ ಕೊಡುತ್ತೇವೆ.

ಕಾಲೇಜಿನ ಮಕ್ಕಳದ್ದು ಬೇರೆ ಕಷ್ಟ, ಗೊತ್ತು. ಇನ್ನೂರು ರೂಪಾಯಿ ಹಿಡಿದುಕೊಂಡು ಬಂದು 120ರ ಪ್ಯಾಕೆಟ್ ತೆಗೆದು ಉಳಿದದ್ದಕ್ಕೆ ಪೆಟ್ರೋಲ್ ಹಾಕಿಸುವ ಹುಡುಗರು ನೀವು. ನಿಮಗೆ ನಾನು ಗಟ್ಟಿ ಲೂರ್ ಕೊಳ್ಳಿ ಅಂತ ಹೇಳುವುದೇ ಇಲ್ಲ. ಜಿಗ್ ಹೆಡ್ (ತಲೆಗೆ ತೂಕ ಕಟ್ಟಿದ ಹುಕ್) ಮೂರು, ರಬ್ಬರ್ ಮೀನು ಐದು, ಎಲ್ಲ ಸೇರಿ 150ಕ್ಕೆ ಕಟ್ಟಿ ಇಟ್ಟಿದ್ದೇವೆ. ಅದಕ್ಕೆ ಮೊದಲಿನಿಂದಲೂ ಒಂದೇ ಹುಕ್. ಭರತ (ಉಬ್ಬರ) ಇಳಿಯಲು ಶುರುವಾದಾಗ ತೋಡು ಹೊಳೆಗೆ ಸೇರುವ ಬಾಯಿಯಲ್ಲಿ ನೆಲಕ್ಕೆ ತಾಗಿಸಿ ನಿಧಾನ ಎಳೆಯಿರಿ, 500ರ ಮಿನ್ನೋಗಿಂತ ಜಾಸ್ತಿ ಕಚ್ಚುವ ದಿನವೂ ಇರುತ್ತದೆ. ನನ್ನ ವ್ಯಾಪಾರಕ್ಕೆ ಇದು ಒಳ್ಳೆಯ ಮಾತಲ್ಲ, ಆದರೂ ನಿಜ. ಲೀಡರ್, ಅಂದರೆ ಲೂರ್‌ನ ಮುಂದೆ ಕಟ್ಟುವ ದಪ್ಪ ದಾರ, ಮಾತ್ರ ಹಾಕದೆ ಹೋಗಬೇಡಿ. ಕುರುಡಿಯ ಕಿವಿರಿನ ಮುಚ್ಚಳ ಬ್ಲೇಡ್‌ಗಿಂತ ಕಡಿಮೆ ಇಲ್ಲ.

ಬೈಲಿನ ತೋಡುಗಳಲ್ಲಿ ಮಡೆಂಜಿ ಮೀನು ಹಿಡಿಯುವವರಿಗೆ ಈ ಬದಲಾವಣೆ ಏನೂ ತಾಗುವುದಿಲ್ಲ. ಕಪ್ಪೆ ಲೂರ್ ಹಾಗೇ ಇದೆ, ರೇಟ್ ಕೂಡ ಅದೇ. ಒಂದು ವಿಷಯ ಮಾತ್ರ ಹೇಳದೆ ಇರಲು ಆಗುವುದಿಲ್ಲ. ಮಳೆಗಾಲದಲ್ಲಿ ಮರಿಗಳ ಗುಂಪು ಮೇಲೆ ಬಂದು ನೀರು ಗುಳುಗುಳು ಅನ್ನುವಲ್ಲಿಗೇ ಕಪ್ಪೆ ಎಸೆಯುತ್ತಾರೆ. ಅಪ್ಪ ಅಮ್ಮ ಮಡೆಂಜಿ ಅಲ್ಲೇ ಕಾವಲು ಇರುತ್ತವೆ, ಹಸಿವಿಗಲ್ಲ, ಸಿಟ್ಟಿಗೆ ಹೊಡೆಯುತ್ತವೆ. ಅವನ್ನು ಎತ್ತಿದರೆ ಮರಿಗಳನ್ನು ಬೇರೆ ಮೀನು ಅರ್ಧ ದಿನದಲ್ಲಿ ಮುಗಿಸುತ್ತದೆ. ಅಂಥ ಫೋಟೋ ನನಗೆ ಕಳಿಸಬೇಡಿ, ನಾನು ಭೇಷ್ ಅನ್ನುವುದಿಲ್ಲ.

ಜೂನ್, ಜುಲೈಯಲ್ಲಿ ಹೊಳೆಯಲ್ಲಿ ಕೆಂಪು ನೀರು ಬಂದ ಮೇಲೆ ನಮ್ಮ ಅಂಗಡಿಗೆ ನೊಣವೂ ಬರುವುದಿಲ್ಲ, ಬಾಡಿಗೆ ಮಾತ್ರ ಸರಿಯಾಗಿ ಬರುತ್ತದೆ. ಇದು ನಿಮಗೆ ಗೊತ್ತಿರುವುದೇ. ಅಪ್ಪನ ಕಾಲದಿಂದ ಬರುವವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಬಾಕಿ ಇಡುವವರ ಬಾಕಿ ಮೊದಲಿನ ಹಾಗೇ ನಡೆಯುತ್ತದೆ. ರೀಲ್ ಸರ್ವಿಸ್ ಮೊದಲಿನ ಹಾಗೇ. ಉಬ್ಬರ ಇಳಿತದ ಹೊತ್ತು ಕೇಳಲು ರಾತ್ರಿ ಹತ್ತಕ್ಕೆ ಫೋನ್ ಮಾಡುವವರು ಇನ್ನೂ ಮಾಡಬಹುದು, ಹತ್ತೂವರೆ ಮೇಲೆ ಬೇಡ. ನಮ್ಮಿಂದ ತೆಗೆದ ಲೂರ್‌ನ ಹುಕ್ ಮೀನಿನ ಎಳೆತಕ್ಕೆ ನೆಟ್ಟಗಾದರೆ ಆ ಹುಕ್ ತಂದು ತೋರಿಸಿ, ಬೇರೆ ಎರಡು ಹಾಕಿ ಕೊಡುತ್ತೇನೆ, ಬಿಲ್ ಕೇಳುವುದಿಲ್ಲ. ಕಲ್ಲಿಗೆ ಸಿಕ್ಕಿ ನೆಟ್ಟಗಾದದ್ದು ಯಾವುದು, ಮೀನು ಮಾಡಿದ್ದು ಯಾವುದು ಅಂತ ನನಗೆ ಗೊತ್ತಾಗುತ್ತದೆ, ಅದೂ ನೆನಪಿರಲಿ.

ಭಾನುವಾರ ಬೆಳಿಗ್ಗೆ ಭರತ ಸರಿಯಾಗಿದ್ದರೆ ನಾನು ಅಂಗಡಿಯಲ್ಲಿ ಸಿಗುವುದಿಲ್ಲ, ಹುಡುಗ ಇರುತ್ತಾನೆ. ಅವನ ಹತ್ತಿರ ರೇಟ್ ಚರ್ಚೆ ಮಾಡಬೇಡಿ ದಯವಿಟ್ಟು, ಕಡಿಮೆ ಮಾಡುವ ಅಧಿಕಾರ ಅವನಿಗಿಲ್ಲ, ಪಾಪ ಬೈಗುಳ ಮಾತ್ರ ಅವನಿಗೆ ಸಿಗುವುದು. ಜಗಳ ಇದ್ದರೆ ಸೋಮವಾರ ಬನ್ನಿ, ಚಾ ತರಿಸುತ್ತೇನೆ.

ಇಂತಿ,
ಬಂದರಿನ ನಿಮ್ಮ ಗಾಳದ ಅಂಗಡಿಯವ